ಬಾತುಗಳು ಮಲಗುವ ಹೊತ್ತು

ಚಳ್ಳಕೆರೆಯ ಪೇಟೆ ಬೀದಿಯಲ್ಲಿ ನಾನು ಫೋಟೋ ತೆಗೆಯುವ ಅಂಗಡಿ ಇಟ್ಟು ಹನ್ನೊಂದು ವರ್ಷವಾಗಿತ್ತು. ಅಂಗಡಿ ಎಂದರೆ ಒಂದು ಕೋಣೆ, ಅದರ ಹಿಂದೆ ಕಿಟಕಿ ಮುಚ್ಚಿ ಕತ್ತಲೆ ಮಾಡಿಕೊಂಡಿದ್ದ ಉಗ್ರಾಣ, ಮುಂದೆ ಬಿಸಿಲು ಬೀಳುವ ಒಂದು ಅಂಗಳ. ಅಂಗಳದಲ್ಲಿ ಪರದೆ ಕಟ್ಟಿ, ಕುರ್ಚಿ ಹಾಕಿ, ಬಂದವರನ್ನು ಕೂರಿಸುತ್ತಿದ್ದೆ. ಕಂಬಳಿ ವ್ಯಾಪಾರಿಗಳು, ಶೇಕದಾರರು, ಹೊಸದಾಗಿ ಮದುವೆಯಾದ ಗಂಡುಹೆಣ್ಣು, ಯಾರು ಬಂದರೂ ನನ್ನದು ಒಂದೇ ಮಾತು: ಅಲುಗಾಡಬೇಡಿ. ಹಾಗೆಂದ ಕೂಡಲೇ ಅವರ ಮುಖದಲ್ಲಿ ಅಷ್ಟು ಹೊತ್ತು ಇದ್ದದ್ದು ಎಲ್ಲಿಗೋ ಹೊರಟುಹೋಗುತ್ತಿತ್ತು. ಉಳಿದದ್ದನ್ನು ನಾನು ಗಾಜಿನ ಮೇಲೆ ಹಿಡಿದು, ತೊಳೆದು, ಕಾಗದಕ್ಕೆ ಇಳಿಸಿ ಕೊಡುತ್ತಿದ್ದೆ. ಅವರು ಅದನ್ನು ಗೋಡೆಗೆ ತೂಗುಹಾಕುತ್ತಿದ್ದರು. ಊರಿನ ಅರ್ಧ ಗೋಡೆಗಳ ಮೇಲೆ ಹೆದರಿದ ಮುಖಗಳಿದ್ದವು, ಎಲ್ಲಾ ನಾನು ಮಾಡಿದವೇ.

ಊರಿಗೆ ಪ್ಲೇಗ್ ಬಂದು ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ನನ್ನ ಹೆಂಡತಿ ಹೋದಳು. ಮಕ್ಕಳಿರಲಿಲ್ಲ. ಆಮೇಲೆ ಜನ ಊರೊಳಗೆ ವಾಪಸು ಬಂದರು, ನಾನೂ ಬಂದೆ, ಅಂಗಡಿ ಬಾಗಿಲು ತೆಗೆದೆ. ಆದರೆ ಬೆಳಿಗ್ಗೆ ಎದ್ದರೆ ಮೈಯಲ್ಲಿ ನಿನ್ನೆಯ ಆಯಾಸ ಹಾಗೇ ಇರುತ್ತಿತ್ತು. ನಿದ್ದೆ ಮಾಡಿ ಎದ್ದವನಂತೆ ಒಂದು ದಿನವೂ ಎದ್ದ ನೆನಪಿಲ್ಲ. ನನ್ನ ಅಣ್ಣ ನನ್ನನ್ನು ಹುಡುಕಿಕೊಂಡು ಬಂದದ್ದು ಆ ದಿನಗಳಲ್ಲಿ.

ಅಣ್ಣ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ನಮ್ಮಪ್ಪ ಇಬ್ಬರಿಗೂ ಮಗ್ಗ ಕಲಿಸಿದ್ದರು. ನಾನು ಬಳ್ಳಾರಿಗೆ ಹೋಗಿ ದಂಡಿನ ಬೀದಿಯಲ್ಲಿ ಒಬ್ಬ ಮುದುಕರ ಹತ್ತಿರ ಫೋಟೋ ಕೆಲಸ ಕಲಿತು ಬೇರೆಯಾದೆ, ಅವನು ಅಪ್ಪನ ಮಗ್ಗದ ಗುಂಡಿಯಲ್ಲೇ ಕಾಲು ಇಳಿಬಿಟ್ಟು ಕೂತ. ಅವನ ದೃಷ್ಟಿ ಚಿಕ್ಕಂದಿನಿಂದಲೂ ಗಿಡ್ಡ. ಒಂದು ಗೇಣು ದೂರದಲ್ಲಿರುವುದನ್ನು ಅವನಷ್ಟು ಚೆನ್ನಾಗಿ ನೋಡುವವರು ಊರಿನಲ್ಲೇ ಇರಲಿಲ್ಲ; ಸಾವಿರ ಎಳೆಯಲ್ಲಿ ಒಂದು ತಪ್ಪಿದ್ದರೂ ಬೆರಳಿಟ್ಟು ತೋರಿಸುತ್ತಿದ್ದ. ಒಂದು ಮಾರು ಆಚೆಗೆ ಅವನಿಗೆ ಎಲ್ಲಾ ಮಂಜು. ಒಮ್ಮೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದ್ದೆ. ಅದನ್ನು ಹಾಕಿದರೂ ಬೀದಿಯ ಆಚೆ ಬದಿ ಮಸುಕೇ. “ಬಾಗ್ಲು ಕಾಣ್ತೈತೆ, ಮಗ್ಗ ಕಾಣಲ್ಲ. ನನಗೆ ಬಾಗ್ಲು ತಗಂಡು ಏನಾಗ್ಬೇಕು?” ಎಂದು ತೆಗೆದು ಗೂಡಿನಲ್ಲಿಟ್ಟ.

ಅಂಥವನು ಎರಡು ದಿನ ಗಾಡಿಯಲ್ಲಿ ಕೂತು ಚಳ್ಳಕೆರೆಗೆ ಬಂದಿದ್ದ. ಕೈಕಾಲು ತೊಳೆದು, ರೊಟ್ಟಿ ತಿಂದು, ಗೋಡೆಗೆ ಒರಗಿ ಕೂತ ಮೇಲೆ ಕೇಳಿದ:

“ಲೇ ತಮ್ಮ, ಹಂಸಕ್ಕೆ ಕತ್ತು ಯಂಗೈತೆ?”

“ಹುಟ್ಟಿದಾಗಿನಿಂದ ನೇಯ್ತಾ ಇದ್ದೀಯ, ನಿನಗೇ ಗೊತ್ತು.”

“ನನಗೆ ಅಪ್ಪ ಹೇಳಿಕೊಟ್ಟ ಎಳೆ ಲೆಕ್ಕ ಗೊತ್ತು. ಹಕ್ಕಿ ಗೊತ್ತಿಲ್ಲ.”

ಆದದ್ದು ಇಷ್ಟು. ರಾಯದುರ್ಗದ ಕಡೆಯ ಒಬ್ಬ ಮುದುಕಿ ಮೊಮ್ಮಗಳ ಮದುವೆಗೆ ಸೀರೆ ಆರಿಸಲು ಮನೆಗೇ ಬಂದಿದ್ದರು. ಅಂಚಿನ ಹಂಸದ ಸಾಲನ್ನು ಬೆರಳಲ್ಲಿ ಸವರಿ, “ಕೋಡಿ ಬಾಗುಂದಯ್ಯಾ” ಎಂದರಂತೆ. ತೆಲುಗಿನಲ್ಲಿ, ಕೋಳಿ ಚೆನ್ನಾಗಿದೆ ಎಂದು. ಅವರು ಮನಸಾರೆ ಹೊಗಳಿದ್ದರು, ಸೀರೆಯನ್ನೂ ಒಯ್ದರು. ಆದರೆ ಅಣ್ಣನಿಗೆ ಅವತ್ತಿನಿಂದ ಕೈ ಓಡಲಿಲ್ಲ. ಅಂಚು ಬಂದಾಗಲೆಲ್ಲ ಕೋಳಿ ಕಾಣುತ್ತಿತ್ತು.

“ನಿಮ್ಮ ದಾರೀಲಿ ಒಂದು ಕೆರೆ ಐತಂತಲ್ಲ, ಉಳ್ಳಾರ್ತಿ ಆಚೆ. ಚಳಿಗಾಲಕ್ಕೆ ಅಲ್ಲಿ ಹಂಸ ಬಂದು ಇಳೀತಾವಂತೆ. ಗಾಡಿಯೋರು ಹೇಳಿದ್ರು.”

“ಅವು ಹಂಸ ಅಲ್ಲಣ್ಣ. ಬಾತು.”

“ನೀನು ನೋಡಿದೀಯಾ?”

“ಇಲ್ಲ.”

“ಮತ್ತೆ? ಒಂದು ಪಟ ಹಿಡಕೊಂಡು ಬಾ. ಕಣ್ಣಿಗೆ ಹತ್ರ ಇಟ್ಟುಕೊಂಡು ನೋಡ್ತೀನಿ. ಹಕ್ಕಿ ತಾನಾಗೇ ನನ್ನ ಮೂಗಿನ ಹತ್ರ ಬರ್ತೈತಾ?”

ಇಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ಹೂಂ ಎಂದೆ. ಒಂದು ಬೆಳಗಿನ ಕೆಲಸ ಎಂದುಕೊಂಡಿದ್ದೆ. ಮೂರು ಚಳಿಗಾಲ ಹಿಡಿಯಿತು.

ದೊಡ್ಡಉಳ್ಳಾರ್ತಿ ದಾಟಿದ ಮೇಲೆ ಹುಲ್ಲಿನ ಕಾವಲು. ಸರ್ಕಾರದ ಅಮೃತಮಹಲ್ ದನಗಳು ಮೇಯುವ ಜಾಗ, ಕಣ್ಣಿಗೆ ಅಂತ್ಯವಿಲ್ಲದ ಒಣ ಬಯಲು. ಅದರ ಆಚೆಯ ತಗ್ಗಿನಲ್ಲಿ ಆ ಕೆರೆ. ದಡದ ಒಂದು ಕಡೆ ಜಾಲಿ, ಇನ್ನೊಂದು ಕಡೆ ಎರೆಹೊಲ, ಹೊಲದ ತುಂಬ ಕಡಲೆ. ನಾನು ಮೊದಲ ಸಲ ಹೋದಾಗ ಬಿಸಿಲು ಏರಿತ್ತು. ಕಡಲೆ ಮೇದ ಬಾತುಗಳು ಹೊಲದಿಂದ ಕೆರೆಗೆ ಮರಳುತ್ತಿದ್ದವು. ಬೂದು ಬಣ್ಣದ ದೊಡ್ಡ ಹಕ್ಕಿ, ಬಿಳಿ ತಲೆ, ಆ ತಲೆಯ ಹಿಂದೆ ಯಾರೋ ಕಾಡಿಗೆಯಲ್ಲಿ ಎಳೆದ ಹಾಗೆ ಎರಡು ಕಪ್ಪು ಪಟ್ಟೆ. ಮೂಗಿನಲ್ಲಿ ಮಾತಾಡುವವರ ಹಾಗೆ ಕೂಗು. ಹತ್ತಾರು ಮೈಲಿಯಿಂದ ಬರುವ ಹಾಗಿತ್ತು ಆ ಕೂಗು, ಆದರೆ ಹಕ್ಕಿಗಳು ನೆತ್ತಿಯ ಮೇಲೇ ಇದ್ದವು. ನನಗೆ ಅವತ್ತು ಸಂತೋಷವಾಯಿತು ಎಂದು ಬರೆಯಬೇಕು. ನಿಜ ಹೇಳುವುದಾದರೆ, ಇಷ್ಟೊಂದು ಅಲುಗಾಡುತ್ತವಲ್ಲ ಎಂದು ಮೊದಲು ಹೊಳೆಯಿತು.

ನನ್ನ ಕ್ಯಾಮರಾ ಮರದ ಪೆಟ್ಟಿಗೆ, ಮುಂದೆ ಹಿತ್ತಾಳೆಯ ಕಣ್ಣು, ನಡುವೆ ಚರ್ಮದ ತಿದಿ. ಮೂರು ಕಾಲಿನ ಮೇಲೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ತಲೆಕೆಳಗಾಗಿ ಬೀಳುವ ಬಿಂಬವನ್ನು ತಿದ್ದಿಕೊಳ್ಳಬೇಕು. ಆಮೇಲೆ ಗಾಜಿನ ಪ್ಲೇಟು ತೂರಿಸಿ, ರಬ್ಬರ್ ಉಂಡೆ ಅದುಮಬೇಕು. ದೂರದ್ದನ್ನು ಹತ್ತಿರ ತರುವ ಶಕ್ತಿ ಅದಕ್ಕಿರಲಿಲ್ಲ. ಹತ್ತಿರ ಬೇಕಾದರೆ ನಾನೇ ಹತ್ತಿರ ಹೋಗಬೇಕು. ನಾನು ಇನ್ನೂರು ಹೆಜ್ಜೆ ದೂರದಲ್ಲಿರುವಾಗಲೇ ಒಂದು ಬಾತು ಕತ್ತು ಎತ್ತುತ್ತಿತ್ತು. ನೂರೈವತ್ತಕ್ಕೆ ಎಲ್ಲವೂ ಎತ್ತುತ್ತಿದ್ದವು. ಇನ್ನೊಂದು ಹೆಜ್ಜೆ ಇಟ್ಟರೆ ಕೆರೆಯ ಆಚೆ ದಡದಲ್ಲಿರುತ್ತಿದ್ದವು. ನಾನು ಕ್ಯಾಮರಾ ಹೊತ್ತು ಕೆರೆಯ ಸುತ್ತು ಬರುವ ಹೊತ್ತಿಗೆ ಅವು ಮತ್ತೆ ಮೊದಲಿದ್ದ ಕಡೆ.

ಆ ಚಳಿಗಾಲದಲ್ಲಿ ನಾಲ್ಕು ಸಲ ಹೋಗಿ ಒಂದು ಡಜನ್ ಪ್ಲೇಟು ಹಾಳು ಮಾಡಿದೆ. ಸಂಕ್ರಾಂತಿ ಕಳೆದ ಮೇಲೆ ಮೊಳಕಾಲ್ಮೂರಿಗೆ ಹೋಗಿ ಇದ್ದುದರಲ್ಲಿ ಚೆನ್ನಾಗಿದ್ದ ಒಂದು ಚಿತ್ರವನ್ನು ಅಣ್ಣನ ಕೈಗೆ ಕೊಟ್ಟೆ. ಅವನು ಮೂಗು ತಾಗುವಷ್ಟು ಹತ್ತಿರ ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಓದುವ ಹಾಗೆ ನೋಡಿದ.

“ನೀರು ಚೆನ್ನಾಗೈತೆ. ಈ ಎಳ್ಳು ಯಾಕೆ ಚೆಲ್ಲಿದೀಯ?”

“ಅವೇ ಹಕ್ಕಿ.”

ಅತ್ತಿಗೆ ಒಳಗಿನಿಂದ ನಕ್ಕಳು. ಅಣ್ಣ ನಗಲಿಲ್ಲ. “ಬರೋ ವರ್ಷ ಹೋಗು” ಎಂದ. ಸುಸ್ತಾದವನಿಗೆ ಯಾರಾದರೂ ಕೆಲಸ ಕೊಟ್ಟರೆ ಸಿಟ್ಟು ಬರುವುದಕ್ಕೂ ಚೈತನ್ಯ ಬೇಕು. ನನಗೆ ಅದೂ ಇರಲಿಲ್ಲ. ಸರಿ ಎಂದೆ.

ಎರಡನೆಯ ಚಳಿಗಾಲ ದಡದ ಹಳ್ಳಿಯಲ್ಲೇ ಉಳಿಯುವುದೆಂದು ಹೋದೆ. ಒಬ್ಬ ಮುದುಕಿಯ ಮನೆಯ ಕೊಟ್ಟಿಗೆಯ ಪಕ್ಕದ ಜಗಲಿ ಸಿಕ್ಕಿತು. ಗಂಡ ಇಲ್ಲದ ಹೆಂಗಸು, ಎರಡು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದಳು. ಹಳ್ಳಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾಲ್ಕು ದಿನ ನಾನು ಕೆರೆಯ ಏರಿಯ ಮೇಲೆ ಬಗ್ಗಿ, ತೆವಳಿ, ಜಾಲಿಯ ಹಿಂದೆ ಕೂತು, ಬರಿಗೈಯಲ್ಲಿ ವಾಪಸು ಬರುವುದನ್ನು ನೋಡಿದಳು. ಐದನೆಯ ದಿನ ಅಂಬಲಿ ಬಗ್ಗಿಸುತ್ತಾ ಕೇಳಿದಳು:

“ಏಮಪ್ಪಾ, ತಿನ್ನಾಕಾ ಅವು?”

“ತಿನ್ನೋಕಲ್ಲ ದೊಡ್ಡವ್ವ. ನಮ್ಮಣ್ಣ ಸೀರೆ ನೇಯ್ತಾನೆ. ಅವನಿಗೆ ನೋಡ್ಬೇಕಂತೆ.”

ಇದು ಅವಳಿಗೆ ಹುಚ್ಚು ಎನಿಸಿತೋ ಸರಿ ಎನಿಸಿತೋ ನನಗೆ ತಿಳಿಯಲಿಲ್ಲ.

“ನೀನು ಮನುಷ್ಯನಂಗೆ ಬಗ್ಗಿಕೊಂಡು ಹೋಗ್ತೀಯ. ಬಗ್ಗಿಕೊಂಡು ಬರೋ ಮನುಷ್ಯ ಅಂದ್ರೆ ಕೊಲ್ಲೋಕೇ ಬಂದಾನೆ ಅಂತ ಅವಕ್ಕೆ ಗೊತ್ತು. ನಮ್ಮೆಮ್ಮೆ ದಿನಾ ಅವುಗಳ ನಡುವೆನೇ ನೀರಿಗೆ ಬೀಳ್ತಾವೆ. ಒಂದಾದ್ರೂ ಹಾರ್ತೈತಾ? ಎಮ್ಮೆ ಜೊತೆ ಹೋಗು.”

ಹಾಗೆ ನಾನು ಎಮ್ಮೆಯ ಜೊತೆ ಹೋದೆ. ಕ್ಯಾಮರಾ ಕಾಲುಗಳನ್ನು ಕುಗ್ಗಿಸಿ ಕಟ್ಟಿ, ಮೇಲೆ ದೊಡ್ಡವ್ವನ ಹಳೆಯ ಕರಿಕಂಬಳಿ ಹೊದೆಸಿ, ನಾನೂ ಅದರೊಳಗೇ ಸೇರಿಕೊಂಡು, ಎಮ್ಮೆಯ ಪಕ್ಕಕ್ಕೆ ಅಂಟಿದ ಹಾಗೆ ನೀರಿಗೆ ಇಳಿದೆ. ಪುಷ್ಯದ ಚಳಿಯ ನೀರು. ಮೊದಲು ಮೊಣಕಾಲು, ಆಮೇಲೆ ಸೊಂಟ. ಕೆಸರು ಹೆಜ್ಜೆಯನ್ನು ಹಿಡಿದುಕೊಂಡು ಬಿಡುತ್ತಿರಲಿಲ್ಲ. ಎಮ್ಮೆ ನಿಂತಾಗ ನಾನೂ ನಿಲ್ಲಬೇಕು, ಅದು ನಡೆದಾಗ ನಾನೂ ನಡೆಯಬೇಕು. ಬಾತುಗಳು ನಿಜವಾಗಿಯೂ ಹಾರಲಿಲ್ಲ. ಅರವತ್ತು ಹೆಜ್ಜೆಗೆ ಬಂದೆ. ಐವತ್ತಕ್ಕೆ ಬಂದೆ. ಕಂಬಳಿಯ ತೂತಿನಲ್ಲಿ ಅವುಗಳ ಕೊಕ್ಕಿನ ಹಳದಿ ಕಾಣುತ್ತಿತ್ತು. ಎದೆ ಬಡಿದುಕೊಂಡಿತು. ಬಹಳ ದಿನದ ಮೇಲೆ ಅದು ಬಡಿದುಕೊಳ್ಳುವುದು ನನಗೆ ಕೇಳಿಸಿತು.

ಆಗ ಎಮ್ಮೆಗೆ ಮಲಗುವ ಮನಸ್ಸಾಯಿತು.

ಅದರ ತಪ್ಪಲ್ಲ. ಎಮ್ಮೆ ನೀರಿಗೆ ಬರುವುದೇ ಮಲಗಲು. ಮುಂಗಾಲು ಮಡಚಿ, ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ನನ್ನ ಕಡೆಗೇ ಉರುಳಿತು. ಕೆರೆಯ ನಡುವೆ ಕಂಬಳಿ ಹೊದ್ದ ಮನುಷ್ಯ ಮಾತ್ರ ನಿಂತಿದ್ದ. ಮರುಕ್ಷಣ ಅವನೂ ನಿಂತಿರಲಿಲ್ಲ. ನಾನು ನೀರು ಕುಡಿದು ಎದ್ದು ನೋಡಿದರೆ ಆಕಾಶದ ತುಂಬ ಬಾತು, ನೀರಿನ ಮೇಲೆ ಕಂಬಳಿ, ಕ್ಯಾಮರಾ ಎಲ್ಲೂ ಇಲ್ಲ. ಕಾಲಲ್ಲಿ ತಡಕಿ ತಡಕಿ ಅದನ್ನು ಕೆಸರಿನಿಂದ ಎತ್ತಿದಾಗ ತಿದಿಯಿಂದ ನೀರು ಸುರಿಯುತ್ತಿತ್ತು, ಒಂದು ಸಣ್ಣ ಮೀನೂ ಬಿತ್ತು.

ದೊಡ್ಡವ್ವ ದಡದಲ್ಲಿ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು. ನಾನು ಮೇಲೆ ಬಂದು ಕೂತು ಅತ್ತೆ. ನಲವತ್ತು ದಾಟಿದ ಗಂಡಸು, ಒಂದು ಮರದ ಪೆಟ್ಟಿಗೆಗಾಗಿ. ಪೆಟ್ಟಿಗೆಗಾಗಿಯೇ ಅತ್ತೆನೆಂದು ಈಗಲೂ ಖಾತ್ರಿಯಿಲ್ಲ. ಅವಳು ಸೆರಗು ತೆಗೆದಳು, ನಗು ನಿಂತಿತು. ಕಂಬಳಿ ಹಿಂಡಿ ಜಾಲಿಯ ಮೇಲೆ ಒಣಹಾಕಿದಳು. ಆಮೇಲೆ, “ಏಳಪ್ಪ, ಮೈ ಒರೆಸಿಕೋ. ಚಳಿಜ್ವರ ಬಂದ್ರೆ ಇಲ್ಲಿ ನೋಡೋರು ಯಾರೂ ಇಲ್ಲ, ನಾನೇ ನೋಡ್ಬೇಕು” ಎಂದಳು. ಜ್ವರ ಬಂತು. ಅವಳೇ ನೋಡಿದಳು. ಏಳು ದಿನ ಜಗಲಿಯಲ್ಲಿ ಮಲಗಿ ಬಾತುಗಳು ಬೆಳಿಗ್ಗೆ ಹೊಲಕ್ಕೆ ಹೋಗುವುದನ್ನೂ ಬಿಸಿಲೇರಿದ ಮೇಲೆ ಕೆರೆಗೆ ಬರುವುದನ್ನೂ ಸದ್ದಿನಿಂದಲೇ ತಿಳಿದುಕೊಳ್ಳುತ್ತಿದ್ದೆ.

ಆ ಏಳು ದಿನ ದಂಡವಾಗಲಿಲ್ಲ. ನಡುಮಧ್ಯಾಹ್ನ ಕೆರೆ ಪೂರ್ತಿ ಮೌನವಾಗುತ್ತದೆಂದು ನನಗೆ ಗೊತ್ತಾದದ್ದು ಆಗ. ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಕೋಲೂರಿಕೊಂಡು ಏರಿಯವರೆಗೆ ಹೋಗಿ ನೋಡಿದೆ. ಕೆರೆಯೊಳಕ್ಕೆ ನಾಲಿಗೆಯ ಹಾಗೆ ಚಾಚಿದ ಒಂದು ಕೆಸರು ದಿಬ್ಬದ ಮೇಲೆ ಬಾತುಗಳೆಲ್ಲ ಮಲಗಿದ್ದವು. ಒಂದೊಂದೂ ಕತ್ತನ್ನು ಹಿಂದಕ್ಕೆ ತಿರುಗಿಸಿ, ತಲೆಯನ್ನು ರೆಕ್ಕೆಯೊಳಗೆ ಹುಗಿಸಿ, ದುಂಡನೆಯ ಬೂದು ಕಲ್ಲಿನಂತೆ ಕೂತಿತ್ತು. ಕೆಲವು ಒಂಟಿಕಾಲಿನಲ್ಲಿ ನಿಂತೇ ನಿದ್ದೆ ಹೋಗಿದ್ದವು. ಇಷ್ಟು ದಿನ ನಾನು ಬೇಡುತ್ತಿದ್ದದ್ದು ಅದೇ. ಅಲುಗಾಡಬೇಡಿ ಎಂದು ಯಾರೂ ಹೇಳದೆ ಅವು ಅಲುಗಾಡದೆ ಇದ್ದವು.

ಕ್ಯಾಮರಾ ರಿಪೇರಿಗೆ ಬೆಂಗಳೂರಿಗೆ ಹೋಗಿ ಬೇಸಿಗೆಯ ಕೊನೆಗೆ ವಾಪಸು ಬಂತು. ಹೊಸ ತಿದಿಯ ಚರ್ಮ ಹಳೆಯದರಷ್ಟು ಮೆತ್ತಗಿರಲಿಲ್ಲ. ಮತ್ತೆ ಅಂಗಳದ ಕುರ್ಚಿ, ಮತ್ತೆ ಪರದೆ. ಮಳೆಗಾಲ ಕಳೆದು, ಹಿಂಗಾರು ಬಿತ್ತಿ, ಕಡಲೆ ಮೊಳೆತ ಸುದ್ದಿ ಬಂದ ಮೇಲೆ ಮೂರನೆಯ ಸಲ ಹೊರಟೆ.

ಈ ಸಲ ಆತುರ ಮಾಡಲಿಲ್ಲ. ದೊಡ್ಡವ್ವನೂ ನಾನೂ ಸೇರಿ ದಿಬ್ಬದಿಂದ ಹದಿನೈದು ಹೆಜ್ಜೆ ದೂರದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಮೂರು ಜಾಲಿಗೂಟ ನೆಟ್ಟು ಅದರ ಮೇಲೆ ಕರಿಕಂಬಳಿ ಹೊದೆಸಿದೆವು. ಒಂದು ಎಮ್ಮೆ ನಿಂತಷ್ಟು ದೊಡ್ಡದು. ಮೊದಲ ಎರಡು ದಿನ ಬಾತುಗಳು ಆ ದಿಬ್ಬಕ್ಕೆ ಬರಲಿಲ್ಲ. ಮೂರನೆಯ ದಿನ ನಾಲ್ಕು ಬಂದು ಅನುಮಾನದಿಂದ ನೋಡಿದವು. ವಾರ ಕಳೆಯುವಷ್ಟರಲ್ಲಿ ಒಂದು ಬೆಳ್ಳಕ್ಕಿ ಕಂಬಳಿಯ ನೆತ್ತಿಯ ಮೇಲೆ ಕೂರತೊಡಗಿತು. ಆ ಬೆಳ್ಳಕ್ಕಿಯನ್ನು ಕಂಡು ಬಾತುಗಳಿಗೆ ಧೈರ್ಯ ಬಂದಿರಬೇಕು. ಹದಿನೈದು ದಿನ ನಾನು ಏನೂ ಮಾಡಲಿಲ್ಲ. ದೊಡ್ಡವ್ವನಿಗೆ ಸಗಣಿ ಬಾಚಿಕೊಟ್ಟೆ, ಹುಲ್ಲು ತಂದುಕೊಟ್ಟೆ. ಸಂಜೆ ಜಗಲಿಯಲ್ಲಿ ಕೂತಾಗ ಅವಳು ತನ್ನ ಸತ್ತ ಗಂಡನ ಸುದ್ದಿ ಹೇಳುತ್ತಿದ್ದಳು, ಅರ್ಧ ಕನ್ನಡ ಅರ್ಧ ತೆಲುಗು. ಒಂದು ದಿನ ನಾನೂ ನನ್ನ ಹೆಂಡತಿಯ ಸುದ್ದಿ ಹೇಳಿದೆ. ಗುಡಿಸಲಿನಲ್ಲಿ ಅವಳಿಗೆ ನೀರು ಕುಡಿಸಲು ಹೋದಾಗ ನನ್ನ ಕೈ ಔಷಧಿಯ ವಾಸನೆ ಬರುತ್ತದೆಂದು ಮುಖ ತಿರುಗಿಸಿದ್ದಳು. ಪ್ಲೇಟು ತೊಳೆಯುವ ಔಷಧಿ, ಎಷ್ಟು ಉಜ್ಜಿದರೂ ಹೋಗದ ವಾಸನೆ. ಅದೇ ಕೊನೆ. ಈ ಮಾತನ್ನು ನಾನು ಅಣ್ಣನಿಗೂ ಹೇಳಿರಲಿಲ್ಲ. ದೊಡ್ಡವ್ವ ನನ್ನ ಬಲಗೈ ತೆಗೆದುಕೊಂಡು ಮೂಸಿದಳು. “ಈಗ ಎಮ್ಮೆ ವಾಸನೆ ಐತೆ” ಎಂದಳು.

ಹದಿನಾರನೆಯ ದಿನ, ಬಾತುಗಳು ಇನ್ನೂ ಹೊಲದಲ್ಲಿರುವಾಗಲೇ ಕ್ಯಾಮರಾ ಹೊತ್ತು ನೀರಿಗಿಳಿದು ಕಂಬಳಿಯೊಳಗೆ ಹೊಕ್ಕೆ. ಅವು ಬಂದವು. ನೀರು ಕುಡಿದವು, ಗರಿ ತಿದ್ದಿದವು, ಜಗಳವಾಡಿದವು. ಹದಿನೈದು ಹೆಜ್ಜೆಯಲ್ಲಿ ಅವುಗಳ ಉಸಿರು ಕೇಳುವಂತಿತ್ತು. ನನ್ನ ಕಾಲು ಮೊದಲು ಕೊರೆಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಇದೆಯೋ ಇಲ್ಲವೋ ಎನ್ನುವ ಹಾಗಾಯಿತು. ಹೊತ್ತು ನೆತ್ತಿಗೆ ಬಂತು. ಒಂದೊಂದಾಗಿ ಕತ್ತುಗಳು ಮಾಯವಾದವು. ತಲೆಕೆಳಗಾದ ಬಿಂಬದಲ್ಲಿ ಅವು ಆಕಾಶಕ್ಕೆ ಅಂಟಿಕೊಂಡು ಮಲಗಿದಂತೆ ಕಂಡವು. ಪ್ಲೇಟು ಹಾಕಿದೆ. ಉಂಡೆ ಅದುಮಿ, ಮನಸ್ಸಿನಲ್ಲಿ ಒಂದು ಎಣಿಸಿ, ಬಿಟ್ಟೆ. ಅದುಮಿದ ಸಣ್ಣ ಸದ್ದಿಗೇ ಅಂಚಿನಲ್ಲಿದ್ದ ಒಂದು ಬಾತು ತಲೆ ಎತ್ತಿ ನನ್ನ ಕಡೆ ತಿರುಗಿತು. ಬೇರೆ ಯಾವುದೂ ಏಳಲಿಲ್ಲ.

ಆ ಮಧ್ಯಾಹ್ನ ಆರು ಪ್ಲೇಟು ತೆಗೆಯಬಹುದಿತ್ತು. ಇನ್ನೊಂದು ತೆಗೆದು ಸುಮ್ಮನಾದೆ. ಅವು ನಿದ್ದೆ ಮಾಡುತ್ತಿದ್ದುದನ್ನು ನೋಡುತ್ತಾ ನಾನೂ ಕ್ಯಾಮರಾಕ್ಕೆ ಹಣೆ ಆನಿಸಿ ನಿಂತಲ್ಲೇ ಜೊಂಪಿಗೆ ಜಾರಿದೆ. ಎಚ್ಚರವಾದಾಗ ಬಿಸಿಲು ವಾಲಿತ್ತು, ದಿಬ್ಬ ಖಾಲಿಯಿತ್ತು. ಪ್ಲೇಗಿನ ವರ್ಷದಿಂದೀಚೆಗೆ ಅಂಥ ನಿದ್ದೆ ನನಗೆ ಬಂದಿರಲಿಲ್ಲ.

ಎರಡನೆಯ ಪ್ಲೇಟು ಮಸುಕಾಗಿತ್ತು. ಮೊದಲನೆಯದು ಬಂದಿತ್ತು. ಬಿಸಿಲಿಗೆ ಇಟ್ಟು ಕಾಗದಕ್ಕೆ ಇಳಿಸಿದಾಗ ಒಂದೊಂದು ಗರಿಯ ಅಂಚೂ ಬೇರೆ ಬೇರೆ ಕಂಡಿತು. ನಾನು ಅದುವರೆಗೆ ತೆಗೆದ ಯಾವ ಮನುಷ್ಯನ ಚಿತ್ರವೂ ಅಷ್ಟು ಚೆನ್ನಾಗಿರಲಿಲ್ಲ. ಆದರೆ ಇಪ್ಪತ್ತೆರಡು ಹಕ್ಕಿಗಳಲ್ಲಿ ಇಪ್ಪತ್ತೊಂದಕ್ಕೆ ಕತ್ತೂ ಇಲ್ಲ, ತಲೆಯೂ ಇಲ್ಲ. ತಲೆ ಎತ್ತಿದ್ದ ಒಂದರದ್ದು ಅಲುಗಿ ಹೊಗೆಯಾಗಿತ್ತು. ಅಣ್ಣ ಕೇಳಿದ್ದು ಕತ್ತು.

ಮೊಳಕಾಲ್ಮೂರಿನ ಬಂಡೆಗುಡ್ಡಗಳು ಕಾಣುವವರೆಗೂ ಗಾಡಿಯಲ್ಲಿ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಅವನು ಮಗ್ಗದ ಗುಂಡಿಯಲ್ಲೇ ಕೂತು ಚಿತ್ರ ತೆಗೆದುಕೊಂಡ. ಕಣ್ಣಿಗೆ ಹತ್ತಿರ ಹಿಡಿದ. ನಾನು ನೀರು ಕುಡಿದೆ. ಅತ್ತಿಗೆ ಬಾಗಿಲಲ್ಲಿ ನಿಂತಳು. ಅವನು ನೋಡುತ್ತಲೇ ಇದ್ದ.

“ಕತ್ತೆಲ್ಲಿ?”

“ನಿದ್ದೆ ಮಾಡ್ತಾ ಇದಾವಣ್ಣ. ರೆಕ್ಕೆ ಒಳಗೆ ಇಟ್ಟುಕೊಂಡಿದಾವೆ. ಎಚ್ಚರ ಇದ್ರೆ ಅಲುಗಾಡ್ತಾವೆ, ಅಲುಗಾಡಿದ್ರೆ ಪಟ ಬರಲ್ಲ.”

“ಮೂರು ವರ್ಷ ಕಾದು ನಿದ್ದೆ ತಂದ್ಯಾ?”

ಇನ್ನೊಂದು ಚಳಿಗಾಲ ಎಂದರೆ ಈ ಸಲ ಆಗುವುದಿಲ್ಲ ಎಂದೇ ಹೇಳಿಬಿಡಬೇಕು ಎಂದುಕೊಂಡೆ. ಆದರೆ ಅವನ ಬೆರಳು ಚಿತ್ರದ ಮೇಲೆ ನಡೆಯುತ್ತಿತ್ತು. ರೆಕ್ಕೆಯ ಒಂದು ಗರಿಯಿಂದ ಇನ್ನೊಂದಕ್ಕೆ, ಬೆನ್ನಿನ ಗುಂಡಗಿನಿಂದ ಕೆಳಕ್ಕೆ, ಒಂಟಿಕಾಲಿಗೆ. ತುಟಿ ಅಲುಗುತ್ತಿತ್ತು. ಎಳೆ ಎಣಿಸುತ್ತಿದ್ದ.

“ಇದರ ಬೆನ್ನಿಗೆ ಎಷ್ಟು ಭಾರ ಐತೆ ನೋಡು” ಎಂದ ಕೊನೆಗೆ. “ಅಪ್ಪನ ಹಂಸಕ್ಕೆ ಭಾರನೇ ಇಲ್ಲ. ಅದಕ್ಕೇ ಆ ಯಮ್ಮ ಕೋಳಿ ಅಂದದ್ದು.” ಚಿತ್ರವನ್ನು ಮಗ್ಗದ ಮೇಲಿಟ್ಟು, “ಮೂವತ್ತು ವರ್ಷದಿಂದ ಅವನ್ನ ಸಾಲಾಗಿ ನಡೆಸ್ತಾ ಇದ್ದೀನಿ. ಈ ಅಂಚಿಂದ ಆ ಅಂಚಿಗೆ. ಒಂದ್ಸಲನಾದ್ರೂ ಮಲಗ್ಲಿ ಬಿಡು” ಎಂದ.

ಅವನು ಒಂದು ಸೀರೆ ನೇಯ್ದ. ಅಂಚಿನಲ್ಲಿ ಹಕ್ಕಿಯಿಲ್ಲ, ಬರೀ ನೀರಿನ ಗೆರೆ. ಸೆರಗಿನಲ್ಲಿ ಬೂದು ರೇಷ್ಮೆಯ ಹಂಸಗಳು, ಎಲ್ಲವೂ ಮಲಗಿದ್ದವು. ಮೂಲೆಯಲ್ಲಿ ಒಂದು ಮಾತ್ರ ಎದ್ದಿತ್ತು. ಅದರ ಕತ್ತನ್ನು ಅವನು ಹೇಗೆ ಮಾಡಿದನೋ, ಹೊಗೆಯ ಹಾಗೆಯೇ ಮಾಡಿದ್ದ, ಬಣ್ಣ ತೆಳುವಾಗುತ್ತಾ ಹೋಗಿ ಬಟ್ಟೆಯೊಳಗೆ ಕರಗುವಂತೆ. ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ನಾನು ನೋಡಲು ಹೋದ ದಿನವೇ, ಅವನ ಸೀರೆಗಳನ್ನು ಯಾವಾಗಲೂ ಒಯ್ಯುತ್ತಿದ್ದ ಸಾಹುಕಾರರು ಬಂದಿದ್ದರು. ಸೆರಗು ಬಿಚ್ಚಿ ಹರಡಿ ನೋಡಿ ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಇವಕ್ಕೆ ತಲೆ ಎಲ್ರಿ?”

“ಮಲಗ್ಯಾವೆ ಸಾವ್ಕಾರ್ರೆ.”

“ಮಲಗಿದ್ರೋ ಕಡಿದ್ರೋ ನೋಡೋರಿಗೆ ಯಂಗೆ ಗೊತ್ತಾಗ್ಬೇಕು? ಮದುಮಗಳ ಮೈ ಮೇಲೆ ತಲೆ ಇಲ್ಲದ ಹಕ್ಕಿ! ಕೆಲಸ ಭಾರಿ ಐತೆ, ಇಲ್ಲ ಅನ್ನಲ್ಲ. ನನಗೆ ಬೇಡ. ಇನ್ನೊಬ್ಬರೂ ತಗಳ್ಳಲ್ಲ.”

ಅವರು ಕೆಟ್ಟ ಮನುಷ್ಯರಲ್ಲ. ಹೇಳಿದ್ದೂ ಸುಳ್ಳಾಗಲಿಲ್ಲ. ಯಾರೂ ತೆಗೆದುಕೊಳ್ಳಲಿಲ್ಲ. ನನಗೆ ಬಹಳ ಸಂಕಟವಾಯಿತು. ನನ್ನ ಚಿತ್ರದಿಂದ ಅವನ ಎರಡು ತಿಂಗಳು ಹೋಯಿತು ಎಂದೆ. “ನಿಂದು ಮೂರು ವರ್ಷ ಹೋಯ್ತಲ್ಲ, ನಾನೇನಾದ್ರೂ ಅಂದ್ನಾ?” ಎಂದು ಅಣ್ಣ ಮಗ್ಗಕ್ಕೆ ಹೊಸ ಹಾಸು ಹೂಡಲು ಎದ್ದ. ಅಪ್ಪನ ಲೆಕ್ಕದ ಹಂಸವನ್ನೇ ಮತ್ತೆ ಹಾಕಿದ. ಆದರೆ ಆಮೇಲಿನ ಅವನ ಹಂಸಗಳ ಬೆನ್ನು ಕೊಂಚ ಗುಂಡಗಾಗಿತ್ತು. ಕೊಂಡವರಿಗೆ ಅದು ಗೊತ್ತಾಗಲಿಲ್ಲ.

ಆ ಸೀರೆ ವರ್ಷವಿಡೀ ಪೆಟ್ಟಿಗೆಯಲ್ಲಿತ್ತು. ನೇಕಾರರ ಮನೆಯ ಹೆಂಗಸರು ರೇಷ್ಮೆ ಉಟ್ಟವರಲ್ಲ. ಅತ್ತಿಗೆ ಮದುವೆಯಾದಾಗಿನಿಂದ ನೂಲಿನ ಸೀರೆಯಲ್ಲೇ ಇದ್ದವಳು. ಒಂದು ಬೆಳಿಗ್ಗೆ ಅದನ್ನು ತೆಗೆದು ಉಟ್ಟುಕೊಂಡು ಬಾವಿಗೆ ಹೊರಟಳು. ಹಬ್ಬವಲ್ಲ, ಹುಣ್ಣಿಮೆಯಲ್ಲ. ನಾನು ಆಗ ಅಲ್ಲೇ ಇದ್ದೆ. ಓಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು.

“ಏನ್ ಅತ್ತಿಗೆ ಇದು?” ಎಂದೆ.

“ಮಾರೋಕೆ ಆಗ್ದಿದ್ದು ಉಡೋಕೂ ಆಗಲ್ವೇನಪ್ಪ? ಇಲಿ ತಿನ್ನೋ ತನಕ ಇಡ್ಲಾ? ಅಮಂಗಳ ಅಂತೆ! ನನಗೇನು ಇನ್ನೊಂದು ಮದುವೆ ಐತಾ?”

ಅದನ್ನುಟ್ಟೇ ಸಗಣಿ ಸಾರಿಸಿದಳು, ರಾಗಿ ಬೀಸಿದಳು, ಎಣ್ಣೆ ಕೈ ಒರೆಸಿಕೊಂಡಳು. ಅಣ್ಣನ ಹತ್ತಿರ ನೂಲು ಸುತ್ತಲು ಕೂತಾಗ ಅವನು ಒಂದೊಂದು ಸಲ ಸೆರಗನ್ನು ಕಣ್ಣಿಗೆ ಹತ್ತಿರ ಎಳೆದುಕೊಂಡು ನೋಡುತ್ತಿದ್ದ. ಅವಳು ಕೈ ಬಿಡಿಸಿಕೊಂಡು, “ಬಿಡ್ರಿ, ಕೆಲಸ ಐತೆ” ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ಸೀರೆ ಹರಿದು ಜೂಲಾಯಿತು.

ನಾನು ಆಮೇಲೆಯೂ ಐದು ಚಳಿಗಾಲ ಆ ಕೆರೆಗೆ ಹೋದೆ. ಯಾರೂ ಕೇಳಿರಲಿಲ್ಲ. ಕೆಂಬರಲು, ಹೆಜ್ಜಾರ್ಲೆ, ಚಮಚದ ಕೊಕ್ಕಿನ ಬಿಳಿ ಹಕ್ಕಿ, ಹೀಗೆ ನಿಂತಲ್ಲಿ ನಿಲ್ಲುವ ಕೆಲವನ್ನು ತೆಗೆದೆ. ಬಹಳಷ್ಟು ಸಲ ತೆಗೆಯಲಿಲ್ಲ. ಕಂಬಳಿಯೊಳಗೆ ನಿಂತು ಬಂದೆ. ದೊಡ್ಡವ್ವ ಸತ್ತ ವರ್ಷ ಅವಳ ಎಮ್ಮೆಗಳನ್ನು ಯಾರೋ ಹೊಡೆದುಕೊಂಡು ಹೋಗಿದ್ದರು, ಜಗಲಿಯ ಮಣ್ಣು ಉದುರಿತ್ತು. ಮರುವರ್ಷದಿಂದ ಹೋಗಲಿಲ್ಲ. ಮಂಡಿ ಚಳಿನೀರನ್ನು ತಡೆಯುವುದನ್ನೂ ನಿಲ್ಲಿಸಿತ್ತು. ಚಳ್ಳಕೆರೆಯ ಅಂಗಡಿಯನ್ನು ಮುಚ್ಚಿದಾಗ ಗಾಜಿನ ಪ್ಲೇಟುಗಳನ್ನು ಎರಡು ಪೆಟ್ಟಿಗೆಯಲ್ಲಿ ತುಂಬಿ ಮೊಳಕಾಲ್ಮೂರಿಗೆ ತಂದೆ. ಗಾಡಿಯ ಕುಲುಕಾಟಕ್ಕೆ ಅರ್ಧ ಒಡೆದವು. ಒಡೆಯದೆ ಉಳಿದವುಗಳಲ್ಲಿ ಒಂದಷ್ಟನ್ನು ಅತ್ತಿಗೆ ಬಿಸಿನೀರಿನಲ್ಲಿ ಉಜ್ಜಿ ಚಿತ್ರವೆಲ್ಲ ತೆಗೆದು ಮಗ್ಗದ ಕೋಣೆಯ ಕಿಟಕಿಗೆ ಹಾಕಿಸಿದಳು. ಬೆಳಕು ಬೇಕಿತ್ತು. ನಾನು ಬೇಡ ಎನ್ನಲಿಲ್ಲ.

ಈಗ ಮೂವರೂ ಒಂದೇ ಮನೆಯಲ್ಲಿದ್ದೇವೆ. ಅಣ್ಣನಿಗೆ ಗೇಣು ದೂರದ್ದೂ ಮಂಜಾಗಿದೆ. ಮಗ್ಗಕ್ಕೆ ಬೇರೆಯವರು ಕೂರುತ್ತಾರೆ. ಚಳಿಗಾಲದ ಬೆಳಗಿನ ಹೊತ್ತು ಒಮ್ಮೊಮ್ಮೆ ಬಾತುಗಳು ಎಲ್ಲಿಂದಲೋ ಎಲ್ಲಿಗೋ ಊರಿನ ಮೇಲೆ ಹಾದು ಹೋಗುತ್ತವೆ. ನನಗಿಂತ ಮೊದಲು ಅಣ್ಣನಿಗೇ ಕೇಳಿಸುತ್ತದೆ.

“ಲೇ, ಎಷ್ಟವೆ ನೋಡು.”

ಹೊರಗೆ ಹೋಗಿ ನೋಡಬೇಕಾದರೆ ಚಾಪೆ ಬಿಟ್ಟು ಏಳಬೇಕು, ಮಂಡಿ ನೀಡಬೇಕು, ಹೊಸಿಲು ದಾಟಬೇಕು. ಅಷ್ಟರಲ್ಲಿ ಅವು ಗುಡ್ಡದ ಆಚೆಗಿರುತ್ತವೆ.

“ನಲವತ್ತು” ಎನ್ನುತ್ತೇನೆ, ಮಲಗಿದಲ್ಲಿಂದಲೇ.

“ಹೋದ ಸಲಕ್ಕಿಂತ ಜಾಸ್ತಿ” ಎಂದು ಅವನು ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಳ್ಳುತ್ತಾನೆ.